ಮಾತ್ರೆಯೂ ಕುಮಿಸ್ ಬಟ್ಟಲೂ

ಗುಡಾರಗಳೊಂದಿಗೆ ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಗಾವಲಿಗೆ ಏರಿ ಬಂದಾಗ ಅಣ್ಣ ಓರೊಜ್‌ನ ಪಾದದ ಉರಿ ಇಳಿಯುತ್ತ ಬಂದಿತ್ತು. ಸಕ್ಕರೆ ಕಾಯಿಲೆ ಅವನ ನರಗಳನ್ನು ಹಾಳುಮಾಡಿತ್ತು. ಚಳಿಗಾಲವಿಡೀ ಕೆಂಡ ತುಳಿದವನಂತೆ ನರಳಿದ್ದ. ಪಟ್ಟಣದ ವೈದ್ಯರು ಮಾತ್ರೆ ಕೊಟ್ಟರು. ನರದ ನೋವಿಗೆ ಎರಡು ಔಷಧಿಗಳನ್ನು ಒಂದರಲ್ಲೇ ಕೂಡಿಸಿದ್ದು, ರಾತ್ರಿ ಒಂದೇ, ಮದ್ಯ ಮಾತ್ರ ಕೂಡದು ಎಂದರು.

"ಐದು ಹೊತ್ತು ನಮಾಜು ಮಾಡೋನ ಹತ್ರ ಮದ್ಯದ ಮಾತೇ?" ಎಂದು ಅಣ್ಣ ನಕ್ಕಿದ್ದ.

ಅಣ್ಣ ವೀರಕಾವ್ಯ ಹಾಡುವವನು. ಅಪ್ಪನ ಕಾವ್ಯ ಅವನ ಬಾಯಿಗೆ ಬಂತು, ನನ್ನ ಕಿವಿಗೆ ಬಂತು. ಅವನು ಹಾಡುವಾಗ ಪಕ್ಕದಲ್ಲಿ ಕೂತು ಕೇಳುವುದು ಚಿಕ್ಕಂದಿನಿಂದ ನನ್ನ ಪಾಲು; ಅದೂ ಒಂದು ಪ್ರಾರ್ಥನೆಯೆಂದೇ ತಿಳಿದಿದ್ದೇನೆ. ಆ ಬೇಸಿಗೆ ಅವನ ಮೊಮ್ಮಗುವಿನ ತೊಟ್ಟಿಲ ಹಬ್ಬವಿತ್ತು. ಅಣ್ಣ ಹಾಡಲೇಬೇಕಿತ್ತು.

ಆದರೆ ಮೇಲೆ ಬಂದಮೇಲೆ ಅವನು ಅವನಾಗಿ ಉಳಿಯಲಿಲ್ಲ. ಹಗಲೆಲ್ಲ ತೂಕಡಿಕೆ. ಎದ್ದು ನಿಂತರೆ ಗುಡಾರದ ಕಂಬ ಹಿಡಿಯುತ್ತಿದ್ದ. ಒಂದು ಸಂಜೆ ಅಭ್ಯಾಸಕ್ಕೆ ಕೂತವನು, ವೀರನ ಕುದುರೆ ಹೊಳೆಗಿಳಿಯುವಲ್ಲಿ ತಡೆದು ನಿಂತ. ಹಿಂದಿನ ಸಾಲುಗಳಿಂದ ಮತ್ತೆ ಹಾಡಿಕೊಂಡು ಬಂದ, ಮತ್ತೆ ಅಲ್ಲೇ ನಿಂತ. ಸಾಲನ್ನು ಎತ್ತಿಕೊಡಲು ನನಗೆ ಧೈರ್ಯವಾಗಲಿಲ್ಲ.

"ಈ ಗುಳಿಗೆ ನನ್ನ ಮಾತು ಕದೀತಿದೆ ಕಣೋ," ಎಂದ. "ಉರಿ ಬೇಕಾದ್ರೆ ವಾಪಸ್ ಬರ್ಲಿ. ಇದನ್ನ ಹೊಳೆಗೆ ಎಸೀತೀನಿ."

ಪಕ್ಕದ ಗುಡಾರದ ಕುಬತ್ ಬಾಗಿಲಲ್ಲೇ ನಿಂತಿದ್ದ. "ಎಸೆಯೋದಾದ್ರೆ ನಂಗೇ ಕೊಡು ಮಾರಾಯ, ನನ್ನ ಮಂಡಿಗಾಗುತ್ತೆ."

"ನಿನ್ನ ಮಂಡಿಗೆ ಮಾತ್ರೆ ಬೇಡ, ಕೆಲಸ ಬೇಕು," ಎಂದು ಅತ್ತಿಗೆ ತುರ್ಸುನೈ ಮಾತ್ರೆಗಳನ್ನು ಕಸಿದು ಪೆಟ್ಟಿಗೆಗೆ ಸೇರಿಸಿದಳು. ಅಂದು ರಾತ್ರಿ ಅಣ್ಣ ಮಾತ್ರೆ ನುಂಗಿದ್ದು ಅವಳ ಕಣ್ಣಿಗೆ ಹೆದರಿ.

ಮರುದಿನ ಮಕ್ಕಳಿಗೆ ಲಸಿಕೆ ಹಾಕಲು ಆರೋಗ್ಯ ಸಹಾಯಕಿ ನಾಜಿರಾ ಕುದುರೆಯೇರಿ ಬಂದಳು. ಅತ್ತಿಗೆ ಬಟ್ಟಲು ತುಂಬ ಕುಮಿಸ್ ಕೊಟ್ಟಳು. ಬೇಸಿಗೆಯಲ್ಲಷ್ಟೇ ಸಿಗುವ ಹೆಣ್ಣು ಕುದುರೆಯ ಹಾಲನ್ನು ತೊಗಲಿನ ಚೀಲದಲ್ಲಿ ಕಡೆದು ಕಡೆದು ಹುಳಿಯೆಬ್ಬಿಸುವುದರಲ್ಲಿ ಅವಳ ಕೈ ಹೆಸರಾದದ್ದು. ಎರಡನೆಯದಕ್ಕೆ ನಾಜಿರಾ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

"ಬೇಡಕ್ಕಾ. ಈ ಸಲದ್ದು ಭಾರಿ ಜೋರು. ಇನ್ನೊಂದು ಕುಡಿದ್ರೆ ದಾರಿ ಕುದುರೇನೇ ನೋಡ್ಕೋಬೇಕು."

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

"ನಾಜಿರಾ," ಎಂದೆ, "ಅಣ್ಣ ಮಾತ್ರೆ ನುಂಗೋದು ಇದರಲ್ಲೇ."

ಅವಳು ಬಟ್ಟಲು ಕೆಳಗಿಟ್ಟಳು. "ದಿನಕ್ಕೆ ಎಷ್ಟು ಕುಡೀತಾರೆ?"

"ಅದೆಂಥ ಪ್ರಶ್ನೆ!" ಅತ್ತಿಗೆಗೆ ಅವಮಾನವಾಯಿತು. "ಮನೆ ಯಜಮಾನನ ಬಟ್ಟಲು ಖಾಲಿ ಇಡೋಕಾಗುತ್ತಾ?"

"ಇದರಲ್ಲೂ ಅಮಲಿದೆ ಅಕ್ಕಾ."

"ಇದು ಹಾಲು!" ಅಣ್ಣ ಗುಡುಗಿದ. "ತಾಯಿ ಎದೆ ಬಿಟ್ಟ ದಿನದಿಂದ ಕುಡೀತಿದೀನಿ."

"ಹುಳಿಯೆದ್ದ ಹಾಲು ಅಣ್ಣಾ. ಬರೀ ಅದೊಂದೇ ಆದ್ರೆ ನಿಮಗೆ ಗೊತ್ತೂ ಆಗಲ್ಲ. ಆದ್ರೆ ಮಾತ್ರೆನೂ ಮಂಪರು ತರುತ್ತೆ, ಇದೂ ತರುತ್ತೆ. ಎರಡೂ ಸೇರಿದ್ರೆ ಬಿದ್ದು ಸೊಂಟ ಮುರ್ಕೋತೀರಿ. ನಿದ್ದೇಲಿ ಉಸಿರೇ ನಿಧಾನ ಆಗಿಬಿಡಬಹುದು."

"ಸರಿ, ಮಾತ್ರೆ ಇವತ್ತಿಂದ ಬಂದ್."

"ಅಯ್ಯೋ, ಅದನ್ನೂ ಮಾಡ್ಬೇಡಿ! ಏಕಾಏಕಿ ನಿಲ್ಸಿದ್ರೆ ಬೆವರು, ನಿದ್ದೆಗೇಡು, ಉರಿ ಎಲ್ಲಾ ಒಟ್ಟಿಗೆ ಬರುತ್ತೆ. ವೈದ್ಯರನ್ನ ಕೇಳೋಣ ತಡೀರಿ."

ಫೋನಿಗೆ ಸಂಪರ್ಕ ಸಿಗುವ ದಿಬ್ಬಕ್ಕೆ ನಾಜಿರಾಳೂ ನಾನೂ ಹತ್ತಿದೆವು. ವೈದ್ಯರು ಎಲ್ಲ ಕೇಳಿಸಿಕೊಂಡರು. "ಮದ್ಯ ಅಂದೆ. ಕುಮಿಸ್ ಅಂತ ಬಿಡಿಸಿ ಹೇಳ್ಬೇಕಿತ್ತು," ಎಂದರು. ಮಾತ್ರೆ ಅದೇ ಇರಲಿ, ಬರಿ ನೀರಲ್ಲಿ. ಕುಮಿಸ್ ಪೂರ್ತಿ ಬಿಡಬೇಕು. ಹಾಸಿಗೆಯಲ್ಲಿ ಕೂತು ಸುಧಾರಿಸಿಕೊಂಡು ಏಳಬೇಕು. ತಲೆ ತಿಳಿಯಾಗುವ ತನಕ ಕುದುರೆ ಹತ್ತಬಾರದು. ಮಾತ್ರೆಯ ಅಂಶ ಮೈಯಿಂದ ಹೊರಹೋಗುವುದು ಮೂತ್ರಪಿಂಡದಿಂದ, ಈ ವಾರವೇ ಗಾಡಿಯಲ್ಲಿ ಕರೆತಂದು ಅದರ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ಬೇರೆ ಯಾರಿಗೂ ಕೊಡಬೇಡಿ, ಎಂದರು. ಆ ವಾರವೇ ಮಾಡಿಸಿದ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು, ದೇವರು ದೊಡ್ಡವನು.

ಕಷ್ಟವಾದದ್ದು ಬಿಡುವುದಲ್ಲ, ಬೇಡವೆನ್ನುವುದು. ಯಾವ ಗುಡಾರಕ್ಕೆ ಹೋದರೂ ಮೊದಲ ಬಟ್ಟಲು ಹಾಡುವವನಿಗೆ. ತಿರಸ್ಕರಿಸಿದರೆ ಆ ಮನೆಯ ಕುದುರೆಗಳಿಗೇ ಅಪಮಾನ. ಅಣ್ಣ ಬಟ್ಟಲನ್ನು ಎರಡೂ ಕೈಯಲ್ಲಿ ಪಡೆದು, ಹಣೆಗೊತ್ತಿಕೊಂಡು, ಹರಸಿ ನನಗೆ ದಾಟಿಸತೊಡಗಿದ.

"ರೋಗ ಅಣ್ಣನಿಗೆ, ಅಮಲು ತಮ್ಮನಿಗೆ," ಎಂದು ಕುಬತ್ ಕುಟುಕಿದ. "ಇಂಥ ವೈದ್ಯ ನಂಗ್ಯಾಕೆ ಸಿಗಲಿಲ್ಲವೋ!"

ದಿನ ಕಳೆದಂತೆ ಅಣ್ಣನ ಕಣ್ಣು ತಿಳಿಯಾಯಿತು. ಆದರೂ ತೊಟ್ಟಿಲ ಹಬ್ಬದಂದು ಅವನು ಹಾಡಲು ಕೂತಾಗ ನಾನು ಹೊಳೆಯ ಸಾಲುಗಳನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಪಾದ ಇನ್ನೂ ಸ್ವಲ್ಪ ಚುರುಗುಟ್ಟುತ್ತಿತ್ತೇನೋ, ಕಾಲು ಚಾಚಿಯೇ ಕೂತಿದ್ದ. ದನಿ ಮೆಲ್ಲಗೆ ಎದ್ದಿತು. ಸೇನೆ ಸಾಗಿತು, ಧೂಳೆದ್ದಿತು, ವೀರನ ಕುದುರೆ ಹೊಳೆಯ ದಡಕ್ಕೆ ಬಂತು. ಅಣ್ಣ ಉಸಿರೆಳೆದುಕೊಂಡ. ನಾನು ಕಣ್ಣು ಮುಚ್ಚಿದೆ.

ಕುದುರೆ ನೀರಿಗಿಳಿಯಿತು. ಎದೆಮಟ್ಟ, ಕತ್ತುಮಟ್ಟ, ಒಂದು ಪದವೂ ಕದಲದೆ ಸಾಲಿನ ಮೇಲೆ ಸಾಲಾಗಿ ಆಚೆ ದಡ ಹತ್ತಿತು. ಅಪ್ಪನ ದನಿಯೇ ದಾಟಿದಂತಾಯಿತು. ಅತ್ತಿಗೆ ತಲೆವಸ್ತ್ರದ ಅಂಚಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮುಗಿದಮೇಲೆ ಅಣ್ಣ ಅಂಗೈ ಬಿಡಿಸಿ ಮಗುವನ್ನು ಹರಸಿದ. ನಾಜಿರಾಳನ್ನು ಹರಸಿದ, ತಪ್ಪೊಪ್ಪಿದ ವೈದ್ಯರನ್ನು ಹರಸಿದ. ಯಾವುದೋ ದೂರದ ಊರಲ್ಲಿ ಆ ಮಾತ್ರೆ ತಯಾರಿಸಿದವರನ್ನೂ, ಅವರ ಮಕ್ಕಳ ತೊಟ್ಟಿಲುಗಳನ್ನೂ ಹರಸಿದ. ಎಲ್ಲರೂ ಆಮೀನ್ ಎಂದು ಮುಖಕ್ಕೆ ಕೈ ಸವರಿಕೊಂಡರು. ಅಣ್ಣನ ಹಾಡು ಇನ್ನೂ ಕಿವಿಯಲ್ಲಿತ್ತು; ನನ್ನ ಕೈಗಳು ಎಲ್ಲರಿಗಿಂತ ತಡವಾಗಿ ಇಳಿದವು.