ನದಿಯವರ ನುಡಿ

ಹೆರಿಗೆಯಾಗಿ ಏಳನೆಯ ದಿನ. ಸಂಜೆ ಮಗುವನ್ನು ನೈಲ್ ನದಿಗೆ ತೋರಿಸಬೇಕು. ನೀರಿನೊಳಗೆ ವಾಸಿಸುವ ನದಿಯವರಿಗೆ ಬಟ್ಟಲಲ್ಲಿ ಖರ್ಜೂರದ ಗಂಜಿ ತೇಲಿಬಿಟ್ಟು, ಮಗುವಿನ ಹೆಸರನ್ನು ತಾಯಿಯೇ ಹೇಳಬೇಕು. ಬಾಣಂತಿ ದಹೀಬಾಳಿಗಿದ್ದ ಆಸೆ ಒಂದೇ, ಅದನ್ನು ತನ್ನ ತವರಾದ ಡೊಂಗೊಲಾದ ನುಡಿಯಲ್ಲಿ ಹೇಳಬೇಕೆಂದು. ಅತ್ತೆ ಬತೂಲ್ ಒಪ್ಪಿರಲಿಲ್ಲ. ಇಲ್ಲಿಯ ನದಿಯವರಿಗೆ ಈ ಊರಿನ ಮಹಸ್ ನುಡಿಯೊಂದೇ ತಿಳಿಯುವುದು ಎನ್ನುತ್ತಿದ್ದಳು.

"ಎರಡು ನುಡೀನೂ ಅಕ್ಕತಂಗೀರು ಅಂತಾರಲ್ಲ ಅತ್ತೆ."

"ಅಕ್ಕ ಮಾತಾಡ್ತಾಳೆ ಬಿಡು. ತಂಗಿ ಸುಮ್ನಿರ್ಲಿ."

ನೈಲ್ ದಡದ ನುಬಿಯನ್ನರ ಮಾತುಗಳನ್ನು ಕಲೆಹಾಕಲು ಖಾರ್ಟೂಮಿನಿಂದ ಬಂದಿದ್ದ ಇಕ್ರಾಮ್ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಳು. ಓದಿದವಳು ತನ್ನ ಪರ ನಿಂತಾಳೆಂದು ದಹೀಬಾ ಅವಳನ್ನೇ ಕೇಳಿದಳು. ಇಕ್ರಾಮ್ ಕಡ್ಡಿಯಿಂದ ಮರಳಿನ ಮೇಲೆ ನುಡಿಗಳ ಕುಲ ತೋರಿಸುವ ಒಂದು ಮರ ಬರೆದಳು.

"ಹಿಂದಿನ ಪಂಡಿತರು ನದಿಯ ಎರಡು ನುಡೀನೂ ಒಂದೇ ಕೊಂಬೇಲಿ ಕೂರಿಸಿದ್ರು. ಆಮೇಲೆ ಪಡುವಣದ ಕಡೆಯ ಕೊರ್ಡೊಫಾನಿನ ಗುಡ್ಡದೋರು, ಡಾರ್ಫುರಿನೋರು ಆಡೋದನ್ನ ಪಕ್ಕದಲ್ಲಿಟ್ಟು ನೋಡಿದ್ರು. ಈಗ ಕೆಲವರು ಹೇಳೋದೇ ಬೇರೆ. ಮಹಸ್ ಮೊದಲೇ ನದಿಗೆ ಬಂತು, ಡೊಂಗೊಲಾದ್ದು ಎಷ್ಟೋ ಕಾಲದ ಮೇಲೆ ಪಡುವಣದಿಂದ ಬಂತು. ಜೊತೇಲಿದ್ದೂ ಇದ್ದೂ ಒಂದೇ ಥರ ಆದ್ವು ಅಂತ. ಎಲ್ರೂ ಒಪ್ಪಿಲ್ಲ."

"ಕೇಳಿದ್ಯೇನೇ," ಬತೂಲ್ ನಕ್ಕಳು. "ತಂಗೀನೂ ಅಲ್ವಂತೆ."

ದಹೀಬಾ ಸೆರಗನ್ನು ಬಾಯಿಗೆ ಎಳೆದುಕೊಂಡಳು. ಇದ್ದ ಒಂದು ನಂಟೂ ಹೋಯಿತು. ಬತೂಲ್ ಮಾತ್ರ ಮರಳಿನ ಮರವನ್ನೇ ನೋಡುತ್ತ ಕುಳಿತಳು.

"ಅಷ್ಟು ದೂರದಿಂದ ಬಂದೋರು ನೀರು ಯಾರ್ನ ಕೇಳಿದ್ರಮ್ಮಾ?"

"ಯಾರಿಗ್ಗೊತ್ತು ಬತೂಲಮ್ಮ. ನಿಮ್ಮೋರನ್ನೇ ಕೇಳಿರ್ಬೇಕು."

"ಕೊಟ್ಟಿರ್ತಾರೆ," ಎಂದಳು ಬತೂಲ್. "ಇಲ್ದಿದ್ರೆ ಈ ನನ್ನ ಸೊಸೆ ಎಲ್ಲಿ ಹುಟ್ತಿದ್ಲು."

ಸಂಜೆ ನದಿ ತಾಮ್ರದ ಹಾಗೆ ಮಲಗಿತ್ತು. ಆಚೆಯ ಪಡುವಣ ದಡದ ಮರಳುದಿಬ್ಬಗಳಿಂದ ಧೂಳು ಏಳುತ್ತಿತ್ತು. ಆ ಧೂಳಿನಲ್ಲಿ ದನಗಳೂ ಕೂಸು ಹೊತ್ತ ಹೆಂಗಸರೂ ಇಳಿದು ಬರುತ್ತಿರುವಂತೆ ದಹೀಬಾಳಿಗೆ ಕಂಡಿತು. ಅವರು ಆಡಿಕೊಳ್ಳುತ್ತಿದ್ದ ಮಾತು ಅವಳ ಅಜ್ಜಿಯದೇ. ಇನ್ನೂ ಬರುತ್ತಲೇ ಇದ್ದಾರೆ, ತಲುಪಿಲ್ಲ ಅನ್ನಿಸಿತು.

ಬತೂಲ್ ಮೊಣಕಾಲುದ್ದ ನೀರಿಗಿಳಿದು ಬಟ್ಟಲು ಬಿಟ್ಟಳು. ನದಿಯವರನ್ನು ಮಹಸ್ ನುಡಿಯಲ್ಲೇ ಕರೆದಳು.

"ನನ್ನ ಸೊಸೆ ಏನೋ ಹೇಳ್ಬೇಕಂತೆ. ದೂರದ ಮಾತು. ಸ್ವಲ್ಪ ಕೇಳ್ಕೊಳ್ಳಿ."

ಆಮೇಲೆ ಈಚೆ ತಿರುಗಿ, "ಹೂಂ, ಹೇಳು. ಮೆಲ್ಲಗೆ ಹೇಳು. ಅವರಿಗೆ ಹೊಸದು," ಎಂದಳು.

ದಹೀಬಾ ಬಗ್ಗಿದಳು. ಮಗಳ ಹೆಸರು, ತನ್ನ ಹೆಸರು, ತನ್ನ ತಾಯಿಯ ಹೆಸರು, ಎಲ್ಲವನ್ನೂ ತವರಿನ ನುಡಿಯಲ್ಲಿ ನೀರಿಗೆ ಹೇಳಿದಳು. ಬಟ್ಟಲು ಒಂದು ಸುತ್ತು ತಿರುಗಿ, ಅವಸರವಿಲ್ಲದೆ ಹೊರಟಿತು.

"ಇನ್ನೊಂದ್ಸಲ ಹೇಳೇ," ಎಂದಳು ಬತೂಲ್. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ."