ನಿದ್ದೆಯಲ್ಲಿ ಬ್ರೇಕ್ ತುಳಿಯುವ ಕಾಲು

ಮಧ್ಯಾಹ್ನದ ಊಟ ಮುಗಿಸಿ ಜೀಪಿನ ಚಾಲಕ ಹಜಾರದ ಮಂಚದ ಮೇಲೆ ಮಲಗಿದ್ದ. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು, ಅದರ ಜೊತೆಗೇ ಅವನ ಹೊಟ್ಟೆಯೂ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ಅವನ ಬಲಗಾಲನ್ನು ನೋಡಿದಳು. ಕಾಲು ಹಾಸಿಗೆಯನ್ನು ಮೆಲ್ಲಗೆ ಒತ್ತಿ ಬಿಟ್ಟಿತು. ಮತ್ತೆ ಒತ್ತಿ ಬಿಟ್ಟಿತು. ಮೂರನೆಯ ಸಲ ಒತ್ತಿ ಹಾಗೇ ನಿಂತಿತು. ಎಲ್ಲೋ ಒಂದು ಇಳಿಜಾರಿನಲ್ಲಿ ಗಾಡಿ ನಿಂತಂತೆ ಅವನ ಮುಖ ಹಗುರಾಯಿತು.

"ಅತ್ತೆ, ಇಲ್ಲಿ ಬನ್ನಿ. ನಿಮ್ಮ ಮಗ ಕನಸಲ್ಲೂ ಗಾಡಿ ಓಡಿಸ್ತಿದ್ದಾರೆ. ಮೊದಲೆಲ್ಲ ಒಂದೇ ಸಲ ತುಳೀತಿದ್ರು. ಆಮೇಲೆ ಎರಡಾಯ್ತು. ಈಗ ಮೂರು."

"ನಾಳೆ ನನ್ನ ಬೆಟ್ಟ ಹತ್ತಿಸಬೇಕಲ್ಲ, ಅಭ್ಯಾಸ ಮಾಡ್ತಿದಾನೆ ಬಿಡೇ," ಎಂದು ತಾಯಿ ನಕ್ಕರು.

ಆ ಬೆಟ್ಟದ ತುದಿಯಲ್ಲಿ ಬೆಳಗಿನ ಹೊತ್ತು ಮೋಡ ಕಾಲ ಕೆಳಗೆ ಬಂದು ನಿಲ್ಲುತ್ತದೆ. ನೋಡಬೇಕೆಂದು ಬಂದವರನ್ನು ಕಲ್ಲುದಾರಿಯಲ್ಲಿ ಹತ್ತಿಸಿ ಇಳಿಸುವುದೇ ಮಗನ ಕೆಲಸ. ಯಾರು ಯಾರೋ ನೋಡಿ ಹೋಗಿದ್ದರು, ಮಂಡಿನೋವಿನ ತಾಯಿ ಮಾತ್ರ ನೋಡಿರಲಿಲ್ಲ. "ಮೋಡದ ಮೇಲೆ ಕಾಲಿಟ್ಟ ಹಾಗೆ ಒಂದು ಸಲ ನಿಂತ್ಕೋಬೇಕು ಕಣೋ" ಎಂಬ ಅವರ ಆಸೆ ನಾಳೆ ತೀರಬೇಕಿತ್ತು.

ಹೆಂಡತಿಗೆ ಮಾತ್ರ ಆ ಮೂರನೆಯ ಒತ್ತು ಮನಸ್ಸಿನಿಂದ ಹೋಗಲಿಲ್ಲ. ಗಂಡನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನದು ಬ್ರೇಕ್ ರಿಪೇರಿ ಕೆಲಸ, ಮುಖ್ಯರಸ್ತೆಯ ತಿರುವಿನಲ್ಲಿ ಅವಳ ಶೆಡ್ಡು. ಬಿಸಿಲು ಇಳಿಯುವ ಮೊದಲೇ ಚೀಲ ಹಿಡಿದು ಬಂದುಬಿಟ್ಟಳು.

"ಏನೋ, ನಿದ್ದೇಲಿ ಮೂರು ಸಲ ತುಳೀತೀಯಂತೆ?"

"ಇವಳಿಗೆ ಬೇರೆ ಕೆಲಸ ಇಲ್ಲ ಅಕ್ಕಾ."

"ಎಚ್ಚರ ಇದ್ದಾಗ ಎಷ್ಟು ಸಲ?"

ತಮ್ಮ ತಲೆ ಕೆರೆದುಕೊಂಡ. "ಎರಡು. ಇಳಿಜಾರಲ್ಲಿ ಮೂರು. ಪಂಪ್ ಹೊಡೆದ್ರೆ ಹಿಡಿಯುತ್ತಲ್ಲ! ಆ ಗಾಡಿ ಗುಣವೇ ಹಾಗೆ."

"ಗಾಡಿಗೆ ಯಾವ ಗುಣವೋ? ಅದು ಕೆಟ್ಟಿದೆ, ನಿನ್ನ ಕಾಲು ಅದಕ್ಕೆ ಹೊಂದ್ಕೊಂಡುಬಿಟ್ಟಿದೆ. ಮೊದಲನೇ ಸಲಕ್ಕೇ ಹಿಡೀಬೇಕು. ಎರಡನೇ ಸಲ ತುಳಿಯೋಕೆ ದಾರಿ ಉಳಿದಿರುತ್ತೆ ಅಂತ ನಿಂಗೆ ಯಾರು ಹೇಳಿದ್ದು?"

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿದಳು. ಗೆರೆಗಿಂತ ಎರಡು ಬೆರಳು ಕೆಳಗಿತ್ತು. "ಇದೇನು ಪೆಟ್ರೋಲಾ, ಉರಿದು ಹೋಗೋಕೆ? ಚಕ್ರದೊಳಗೆ ಒತ್ತಿ ಹಿಡಿಯೋ ಲೈನರ್ ಸವೆದ್ರೆ ಸ್ವಲ್ಪ ಇಳಿಯುತ್ತೆ. ಇಷ್ಟು ಇಳಿದಿದೆ ಅಂದ್ರೆ ಎಲ್ಲೋ ಸೋರ್ತಿದೆ."

"ಸೋರಿದ್ರೆ ನೆಲದ ಮೇಲೆ ಕಾಣ್ಬೇಕಲ್ಲ? ನೋಡು, ಒಂದು ಹನಿ ಇಲ್ಲ." ಅವನು ಹೇಳಿದ್ದು ನಿಜ. ಗಾಡಿಯ ಕೆಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರೂ ಎಲ್ಲ ಒಣಗಿತ್ತು. ತಮ್ಮ ಗೆದ್ದವನಂತೆ ಕೈ ಕಟ್ಟಿ ನಿಂತ.

ಅಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದು ಜೀಪನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದನ್ನ ಎಷ್ಟು ಎತ್ತರ ಮಾಡಿಸಿದೀಯ?"

"ನಾಲ್ಕು ಬೆರಳು. ಕಲ್ಲು ತಾಗಬಾರದು ಅಂತ. ಹೊಸ ಸ್ಪ್ರಿಂಗು, ದೊಡ್ಡ ಟೈರು."

"ಬ್ರೇಕ್ ಆಯಿಲ್ ಹೋಗೋ ರಬ್ಬರ್ ಪೈಪು?"

"ಅದು ಚೆನ್ನಾಗೇ ಇತ್ತಲ್ಲ..."

"ಹುಡುಗ ಉದ್ದ ಬೆಳೆದ್ರೂ ಹಳೇ ಪ್ಯಾಂಟೇ ಹಾಕಿದೀಯ ಅನ್ನು. ಜಾಕ್ ತಗೊಂಡು ಬಾ."

ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಗಾಡಿಯ ಮುಂಭಾಗದ ಚೌಕಟ್ಟನ್ನು ಎತ್ತಿ, ಜಾಕನ್ನು ನಂಬದೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟರು. ಚಕ್ರ ಗಾಳಿಯಲ್ಲಿ ಜೋತುಬಿತ್ತು. ಸಡಿಲವಾಗಿ ಬಾಗಿದ್ದ ರಬ್ಬರ್ ಪೈಪು ತಂತಿಯಂತೆ ಬಿಗಿಯಿತು.

"ಈಗ ತುಳಿಯಮ್ಮ," ಎಂದಳು ಅಕ್ಕ. ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ತುಳಿದಳು.

ಪೈಪಿನ ಕೊನೆಯ ಲೋಹದ ಮೂತಿಯಲ್ಲಿ ಒಂದು ಹನಿ ಮೂಡಿತು. ಇಳಿಬಿಸಿಲು ಅದರೊಳಗೆ ಹೊಕ್ಕು ಕೂತಿತು. ಹನಿ ತುಂಬಿ, ತೂಗಿ, ಬಿತ್ತು.

"ಸಪಾಟು ನೆಲದಲ್ಲಿ ಏನೂ ಅರಿಯದ ಹಾಗೆ ಇರುತ್ತೆ," ಅಕ್ಕ ಮೆತ್ತಗೆ ಹೇಳಿದಳು. "ಹಳ್ಳದಲ್ಲಿ ಚಕ್ರ ಜೋತುಬಿದ್ದಾಗ ಮಾತ್ರ ಬಾಯಿ ಬಿಡುತ್ತೆ. ಆಯಿಲ್ ಹೊರಗೆ, ಗಾಳಿ ಒಳಗೆ."

ಬೆಟ್ಟದ ದಾರಿಯ ಮೂರನೆಯ ತಿರುವಿನ ಹಳ್ಳ ತಮ್ಮನ ಕಣ್ಣ ಮುಂದೆ ಬಂತು. ಅದರ ಪಕ್ಕದಲ್ಲಿ ಮೋಡ ಬಿಟ್ಟರೆ ಬೇರೇನೂ ಇಲ್ಲ.

ಎತ್ತರಕ್ಕೆ ತಕ್ಕ ಉದ್ದದ ಹೊಸ ಪೈಪುಗಳು ಶೆಡ್ಡಿನಿಂದ ಬಂದವು. "ಅರ್ಧ ಬಾಟ್ಲಿ ಆಯಿಲ್ ಮನೇಲೇ ಇದೆ ಅಕ್ಕಾ," ಎಂದ ತಮ್ಮ.

"ಸೀಲ್ ಒಡೆದಿದ್ದು ಯಾವಾಗ?"

"ಮದುವೆಗೆ ಮುಂಚೆ."

"ಹಾಗಾದ್ರೆ ಅದೂ ಸಂಸಾರ ಮಾಡಿ ಸುಸ್ತಾಗಿದೆ, ಬಿಡು. ಗಾಳಿಯ ತೇವ ಎಲ್ಲ ಕುಡಿದಿರುತ್ತೆ. ಬ್ರೇಕ್ ಕಾದಾಗ ಕುದಿದು ಆವಿಯಾದ್ರೆ ಪೆಡಲ್ ನೆಲಕ್ಕೇ ಹೋಗುತ್ತೆ. ಗಾಡೀಲಿರೋ ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ನಂಬರಿನದೇ ಬೇಕು, ಹೊಸದೇ ಬೇಕು."

ಆಮೇಲೆ ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯುವ ಕೆಲಸ. ಚಕ್ರದ ಹಿಂದೆ ಗಾಳಿ ಹೊರಬಿಡುವ ನಿಪ್ಪಲ್‌ಗೆ ತೆಳ್ಳನೆಯ ಟ್ಯೂಬು, ಅದರ ತುದಿ ಆಯಿಲ್ ಇದ್ದ ಗಾಜಿನ ಸೀಸೆಯೊಳಗೆ. "ತುಳಿ... ಹಿಡ್ಕೋ... ನಾನು ನಿಪ್ಪಲ್ ಮುಚ್ಚೋವರೆಗೂ ಬಿಡಬೇಡ... ಈಗ ಬಿಡು," ಎಂದು ಅಕ್ಕ ಪೆಡಲ್ ತುಳಿಯುತ್ತಿದ್ದ ಹೆಂಡತಿಗೆ ಹೇಳುತ್ತಾ ಹೋದಳು. ಒಂದೊಂದು ತುಳಿತಕ್ಕೂ ಸೀಸೆಯೊಳಗೆ ಬೆಳ್ಳಗಿನ ಗುಳ್ಳೆಗಳು ಎದ್ದವು. ನಿಧಾನವಾಗಿ ತೇಲಿದವು, ಒಂದರ ಮೇಲೊಂದು ಕೂಡಿ ಮೋಡವಾದವು. ತಾಯಿ ಸ್ಟೂಲಿನ ಮೇಲೆ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಮೋಡದ ಮೇಲೆ ಕಾಲಿಡಬೇಕು ಅಂತ ಆಸೆಪಟ್ಟವಳು ನಾನು," ಎಂದರು. "ನೀನು ದಿನಾ ಇದರ ಮೇಲೇ ಕಾಲಿಟ್ಟು ಜನರನ್ನ ಇಳಿಸ್ತಿದ್ದೆಯಲ್ಲೋ ಮಗಾ."

ಮಗ ಅಕ್ಕನ ಕೈಯಿಂದ ಸೀಸೆ ತೆಗೆದುಕೊಂಡ. ಒಂದೂ ಗುಳ್ಳೆ ಬಾರದಂತಾಗುವವರೆಗೆ, ನಾಲ್ಕು ಚಕ್ರಗಳ ಮುಂದೆಯೂ ಮಂಡಿಯೂರಿ ಕೂತ. ಆಮೇಲೆ ಹೇಳಿದ: "ನಾಳೆ ಬೇಡಮ್ಮಾ, ನಾಡಿದ್ದು ಹೋಗೋಣ. ನಾಳೆ ಖಾಲಿ ಗಾಡೀನ ಮೈದಾನದಲ್ಲಿ ಮೆಲ್ಲಗೆ ಓಡಿಸಿ ನೋಡ್ತೀನಿ. ಬರೋರಿಗೂ ಇಲ್ಲ ಅಂತ ಹೇಳ್ತೀನಿ."

ನಾಡಿದ್ದು ತಾಯಿ ಮೋಡ ನೋಡಿದರು. ಚಪ್ಪಲಿ ಬಿಟ್ಟು ನಿಂತು ನೋಡಿದರು. ಇಳಿಯುವಾಗ ಮೂರನೆಯ ತಿರುವಿನಲ್ಲಿ ಜೀಪು ಗಕ್ಕನೆ ನಿಂತಿತು.

"ಯಾಕೋ ನಿಲ್ಲಿಸಿದೆ?"

"ನಿಲ್ಲುತ್ತಾ ಅಂತ ನೋಡ್ದೆ ಅಮ್ಮಾ. ಒಂದೇ ಸಲಕ್ಕೆ ನಿಂತಿತು."

ಆ ಮಧ್ಯಾಹ್ನ ಪರದೆ ಉಬ್ಬಿ ಇಳಿಯುತ್ತಿತ್ತು. ಹೆಂಡತಿ ಬಟ್ಟೆ ಮಡಚುತ್ತಾ ಕಾದಳು. ಕಾಲು ಸುಮ್ಮನೆ ಮಲಗಿತ್ತು.

ಗಾಡಿ ಎತ್ತರ ಮಾಡಿಸಿ ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಾಳೆ ಕೀಲಿ ತಿರುಗಿಸುವ ಮುನ್ನ ಒಂದು ಸಲ ಪೆಡಲ್ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ, ಎರಡನೆಯ ಒತ್ತಿಗೆ ಗಟ್ಟಿಯಾದರೆ, ಅದು ಗಾಡಿಯ ಗುಣವಲ್ಲ. ಆ ದಿನ ಗಾಡಿ ಹೊರಡಿಸಬೇಡಿ. ಆಯಿಲ್ ಗೆರೆಗಿಂತ ಇಳಿದಿದ್ದರೆ ತುಂಬಿಸಿ ಸುಮ್ಮನಾಗದೆ ಎಲ್ಲಿ ಹೋಯಿತೆಂದು ಹುಡುಕಿ. ಬಲ್ಲ ಮೆಕ್ಯಾನಿಕ್ ಹತ್ತಿರ ಚಕ್ರ ಜೋತುಬಿಡಿಸಿ ಪೈಪು ನೋಡಿಸಿ. ಮನೆಯವರೇ, ನೀವೂ ಅವರ ಕಾಲಿನ ಮೇಲೆ ಒಂದು ಕಣ್ಣಿಡಿ. ಬಾಯಿ ಒಪ್ಪದ್ದನ್ನು ಕಾಲು ಯಾವಾಗಲೋ ಒಪ್ಪಿಕೊಂಡಿರುತ್ತದೆ.