ಚಂದಮ್ಮನ ಕಲ್ಲು

“ಕಲ್ಲು ತೆಗದು ನಿನ್ನ ಕೈಯಾಗೇ ಇಡ್ತೀನಿ, ಚಂದಮ್ಮ,” ಎಂದು ಡಾಕ್ಟರ್ ಅಂಬಾರಾಯ ಬಹಳ ಹಿಂದೆ ಮಾತು ಕೊಟ್ಟಿದ್ದರು. ಮಾತು ಅವರದು, ಕಲ್ಲು ಒಡೆಯಬೇಕಾದದ್ದು ನಾನು.

ನಾನು ಮೂತ್ರನಾಳದ ಕಲ್ಲು ಒಡೆಯುವ ಯಂತ್ರ. ಒತ್ತಿ ತುಂಬಿದ ಗಾಳಿಯೇ ನನ್ನ ಉಸಿರು. ಅದು ಹಿಡಿಕೆಯೊಳಗಿನ ಲೋಹದ ಗುಂಡನ್ನು ನೂಕುತ್ತದೆ, ಗುಂಡು ಉದ್ದನೆಯ ಕಡ್ಡಿಯನ್ನು ಬಡಿಯುತ್ತದೆ, ಕಡ್ಡಿ ಕಲ್ಲನ್ನು. ಕಾರ್ಖಾನೆಯಲ್ಲಿ ನಾನು ಮೊದಲ ಏಟು ಕೊಟ್ಟದ್ದು ಸೀಮೆಸುಣ್ಣದ ತುಂಡಿಗೆ. ಆಮೇಲೆ ಕಲಬುರಗಿಯ ಆಸ್ಪತ್ರೆಗೆ ಬಂದೆ. ಬಿಸಿಲೂರು, ಕಲ್ಲಾಗುವವರು ಬಹಳ, ಕೆಲಸಕ್ಕೇನೂ ಬರವಿರಲಿಲ್ಲ. ಒಡೆದ ಚೂರುಗಳನ್ನು ಪುಟ್ಟ ಸೀಸೆಗೆ ಹಾಕಿ ರೋಗಿಗೇ ಕೊಡುವುದು ಅಲ್ಲಿನ ರೂಢಿ. ಜನ ಒಯ್ದು ನೆಂಟರಿಗೆಲ್ಲ ತೋರಿಸುತ್ತಿದ್ದರು.

ಚಂದಮ್ಮ ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವಳು. ಅವಳ ಗಂಡನಿಗೂ ಕಲ್ಲಾಗಿತ್ತು. ಬೇರೆಲ್ಲೋ “ತೆಗೆದಾಯಿತು” ಎಂದು ಬರಿಗೈಯಲ್ಲಿ ಕಳುಹಿಸಿದ್ದರಂತೆ. ಕಲ್ಲು ಒಳಗೇ ಇತ್ತು, ಅವನು ತೀರಿಹೋದ. ಅಂದಿನಿಂದ ಕಣ್ಣಾರೆ ನೋಡದೆ ಅವಳು ನಂಬುವವಳಲ್ಲ.

ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಅವಳಿಗೆ ಎಚ್ಚರವಿತ್ತು. ನಾನು ಟಕ್ ಟಕ್ ಎನ್ನತೊಡಗಿದೆ.

“ಒಳಗ ಯಾರೋ ಬಾಗಲಾ ಬಡೀಲತ್ತಾರ್ರಿ, ಸಾಹೇಬ್ರ.”

“ನಮ್ಮ ಮಷೀನ್ ಅದು. ನೀ ಗಣ್ಯಾಗ ದಿನಾ ಬಡಿಯಂಗಿಲ್ಲೇನು? ಹಂಗೇ.”

“ನನಗ ಬಡದ್ರ ಪಗಾರ ಕೊಡ್ತಾರ್ರಿ. ಇದಕ್ಕ ಯಾರ್ ಕೊಡ್ತಾರ?”

ಎಲ್ಲರೂ ನಕ್ಕರು. ಅಷ್ಟರಲ್ಲೇ ಕಲ್ಲು ಜಾರಿತು. ನನ್ನ ಏಟು ಒಡೆಯುವುದರ ಜೊತೆಗೆ ತಳ್ಳುತ್ತದೆ ಕೂಡ. ಅದು ಮೇಲೇರಿ ಕಿಡ್ನಿಯೊಳಗೆ ಮರೆಯಾಯಿತು. ನನ್ನ ನೆಟ್ಟಗಿನ ಕಡ್ಡಿಗೆ ಆ ದಾರಿಯಿಲ್ಲ. ಮೂತ್ರ ಕಟ್ಟದಿರಲೆಂದು ಡಾಕ್ಟರು ಒಳಗೊಂದು ನಳಿಗೆ ಇಟ್ಟು ಕಳುಹಿಸಿದರು. ಮುಂದೆ ನಳಿಗೆ ತೆಗೆಸಿಕೊಂಡು ಹೋದವಳು ಬಹಳ ವರ್ಷ ಇತ್ತ ಸುಳಿಯಲಿಲ್ಲ.

ಆ ಕಲ್ಲು ಮಾತ್ರ ನನ್ನನ್ನು ಬಿಡಲಿಲ್ಲ. ಬೇರೆಯವರ ಕಲ್ಲಿಗೆ ಬಡಿಯುವಾಗಲೂ ಅದು ಎಲ್ಲೋ ಕತ್ತಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದೆ ಎನಿಸುತ್ತಿತ್ತು. ಗಾಳಿ ನಿಲ್ಲಿಸಿದ ಮೇಲೂ ಒಂದು ಏಟು ಕೇಳಿಸುತ್ತಿತ್ತು.

ಆಮೇಲೆ ಲೇಸರ್ ಬಂತು. ಕೂದಲಿನಂಥ ಎಳೆ, ಬಳುಕುತ್ತ ಕಿಡ್ನಿಯವರೆಗೂ ಹೋಗುತ್ತದೆ. ಕಲ್ಲನ್ನು ಅಷ್ಟಾಗಿ ತಳ್ಳುವುದಿಲ್ಲ. ಕೈತಪ್ಪಿದರೆ ಅದು ಸುಟ್ಟೀತು, ನಾನು ಸುಡುವವನಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾನು ಚೂರು ಮಾಡುತ್ತೇನೆ, ಅದು ಹುಡಿ ಮಾಡುತ್ತದೆ. ನನ್ನನ್ನು ಮೂಲೆಗೆ ಸರಿಸಿದರು. ಪಕ್ಕದ ಕಪಾಟಿನಲ್ಲಿ ಒಯ್ಯುವವರಿಲ್ಲದೆ ಉಳಿದ ಸೀಸೆಗಳು.

ಒಂದು ಮಧ್ಯಾಹ್ನ ಚಂದಮ್ಮನನ್ನು ಮಲಗಿಸಿಕೊಂಡು ತಂದರು. ಕೂದಲು ಬೆಳ್ಳಗಾಗಿತ್ತು, ಕಿಡ್ನಿ ಬಾತಿತ್ತು. ಲೇಸರ್ ಸದ್ದಿಲ್ಲದೆ ಕೆಲಸ ಮುಗಿಸಿತು. ಹುಡಿ ನೀರಿನೊಡನೆ ಹರಿದುಹೋಯಿತು. ಒಳಗನ್ನು ತೋರಿಸುವ ಪರದೆಯ ಮೇಲೆ ಏನೂ ಉಳಿಯಲಿಲ್ಲ.

“ಎಲ್ಲಿ ಅದರಿ ಕಲ್ಲು?”

“ಹುಡಿ ಆಗಿ ಹೋತವ್ವ. ಒಂದ್ ಕಣಾನೂ ಉಳದಿಲ್ಲ.”

“ನಮ್ಮ ಮನಿಯವರಿಗೂ ಹಿಂಗೇ ಅಂದಿದ್ರು,” ಎಂದು ಗೋಡೆಯತ್ತ ತಿರುಗಿದಳು.

ಡಾಕ್ಟರು ಕಪಾಟಿನ ಬಳಿ ಬಂದು, ಒಂದು ಸೀಸೆ ತೆಗೆದು, ಅದರ ಮೇಲಿನ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದರು. ಒಳಗಿನ ಚೂರನ್ನು ಅವಳ ಅಂಗೈಯಲ್ಲಿಟ್ಟರು.

“ಇಷ್ಟ್ ವರ್ಷ ಕಾಡಿದ್ದು ಇದೇ ಏನ್ರಿ?”

“ಇದೇ ಅವ್ವ. ಒಂದ್ ಚೂರು ಉಳದಿತ್ತು.”

ಅವಳು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಮುಷ್ಟಿ ಮುಚ್ಚಿ, ಹಾಗೇ ನಿದ್ದೆಹೋದಳು.

ಅಷ್ಟು ಚೂಪಾದ ಅಂಚು ಲೇಸರಿನದಲ್ಲ, ನನ್ನ ಏಟಿನದು. ಯಾರ ಒಳಗಿನದು ಅದು, ಅವರೇಕೆ ಒಯ್ಯಲು ಬರಲಿಲ್ಲ ಎಂದು ಈಗ ತುಕ್ಕು ಹಿಡಿಯುತ್ತ ಯೋಚಿಸುತ್ತೇನೆ. ಚಂದಮ್ಮ ಗುಣವಾದಳು. ಅವಳ ಕಲ್ಲು ಅವಳ ಕೈಗೆ ಬರಲಿಲ್ಲ. ಡಾಕ್ಟರ ಮಾತು ನಡೆಯಲಿಲ್ಲ.